ಹಾರ್ಡ್ಲಿ ಎಂಬ ಪದದ ಅರ್ಥ

ಜನವರಿ 9

ಅಕ್ಕನಿಗೆ ನಮಸ್ಕಾರ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ ಅಂತ ಗೊತ್ತು, ಅದಕ್ಕೇ ಕಾಗದ. ನಾವೆಲ್ಲ ಕ್ಷೇಮ ಅಂತ ಬರೆಯೋಣ ಅಂದರೆ ಹಾಗೇನೂ ಇಲ್ಲ.

ಕಳೆದ ಸೋಮವಾರ ನಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂದು ಅನಾಹುತವಾಯಿತು. ಆಪರೇಷನ್ ಕೋಣೆಯ ಬಟ್ಟೆಗಳನ್ನು ಹಬೆಯಲ್ಲಿಟ್ಟು ಶುದ್ಧಮಾಡುವ ದೊಡ್ಡ ಕಬ್ಬಿಣದ ಪೆಟ್ಟಿಗೆ ನಮ್ಮಲ್ಲಿದೆ. ಅದರ ಬಾಗಿಲಿಗೆ ಬಸ್ಸಿನ ಸ್ಟೇರಿಂಗಿನಂಥ ಚಕ್ರ. ಹಬೆ ಪೂರ್ತಿ ಇಳಿದು ಮೀಟರಿನ ಮುಳ್ಳು ಸೊನ್ನೆಗೆ ಬಂದ ಮೇಲೇ ಚಕ್ರ ತಿರುಗಿಸಿ ಬಾಗಿಲು ತೆಗೆಯಬೇಕು. ಬಟ್ಟೆ ಮಡಿಸುವ ಹೆಂಗಸೊಬ್ಬಳು ತೆಗೆದಾಗ ಒಳಗಿನ್ನೂ ಹಬೆ ಇತ್ತು. ಮುಖ, ಕತ್ತು, ಎರಡೂ ಕೈ ಸುಟ್ಟಿವೆ. ನಮ್ಮ ಆಸ್ಪತ್ರೆಯಲ್ಲೇ ಮೂರನೇ ಮಹಡಿಯಲ್ಲಿ ಮಲಗಿಸಿದ್ದಾರೆ.

ಆ ಯಂತ್ರದ ಮೆಕ್ಯಾನಿಕ್ ನಾನು. ದಿನಾ ಬೆಳಿಗ್ಗೆ ಮೀಟರ್ ಪರೀಕ್ಷಿಸಿ ಪುಸ್ತಕದಲ್ಲಿ ಸಹಿ ಹಾಕುವುದು ನನ್ನ ಕೆಲಸ. ಈಗ ವಿಚಾರಣೆ ಇಟ್ಟಿದ್ದಾರೆ. ನನ್ನ ಹೇಳಿಕೆ ಬರವಣಿಗೆಯಲ್ಲಿ ಬೇಕಂತೆ, ಅದೂ ಇಂಗ್ಲಿಷಿನಲ್ಲಿ, ಮೇಲಿನವರಿಗೆ ಕಳಿಸಬೇಕಂತೆ. ನನ್ನ ಇಂಗ್ಲಿಷ್ ನಿನಗೆ ಗೊತ್ತೇ ಇದೆ. ಒಂದು ಪುಟ ಬರೆದಿದ್ದೇನೆ. ಈ ಕಾಗದದೊಳಗೆ ಬೇರೆ ಕವರಿನಲ್ಲಿ ಅಂಟಿಸಿ ಇಟ್ಟಿದ್ದೇನೆ. ನಕಲು ನನ್ನ ಹತ್ತಿರ ಇದೆ. ತಪ್ಪೇನಿದ್ದರೂ ಬರೆದು ಕಳಿಸು. ಮುಂದಿನ ವಾರ ಕೊಡಬೇಕು. ನೀನು ಡಿಕ್ಷನರಿ ಮಾಡುವವಳು, ನಿನ್ನ ಕಣ್ಣಿಗೆ ಬಿದ್ದರೆ ನನಗೆ ಧೈರ್ಯ.

ನಿನ್ನ ತಮ್ಮ


ಜನವರಿ 12

ತಮ್ಮನಿಗೆ,

ಕಾಗದ ಬಂತು. ನಿನ್ನ ಹೇಳಿಕೆ ಸರಿಯಾಗಿದೆ, ತಿದ್ದುವಂಥದ್ದೇನಿಲ್ಲ. ಹಾಗೇ ಕೊಡು.

ಆ ಹೆಂಗಸು ಬೇಗ ಗುಣವಾಗಲಿ.

ಮೂರು ವರ್ಷದ ಮೇಲೆ ನಿನಗೆ ಅಕ್ಕನ ನೆನಪಾಯಿತು. ಅಮ್ಮ ಹಾಸಿಗೆ ಹಿಡಿದು ತೀರಿಕೊಳ್ಳುವವರೆಗಿನ ನಲವತ್ತು ದಿನ ನಿನಗೆ ರಜೆ ಸಿಗಲಿಲ್ಲ. ಈಗಲಾದರೂ ಆಸ್ಪತ್ರೆಯವರು ಕಾಗದ ಬರೆಯುವಷ್ಟು ಬಿಡುವು ಕೊಟ್ಟರಲ್ಲ, ಸಂತೋಷ.

ಅಕ್ಕ


ಫೆಬ್ರವರಿ 20

ಅಕ್ಕ,

ನನ್ನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಯಾಕೆ ಅಂತ ಕೇಳು.

ವಿಚಾರಣೆ ನಡೆದದ್ದು ದಾಖಲೆ ಕೋಣೆಯಲ್ಲಿ. ಉದ್ದ ಮೇಜು, ಆ ಕಡೆ ಮೂರು ಜನ, ಈ ಕಡೆ ನಾನೊಬ್ಬ. ವಿಚಾರಣಾಧಿಕಾರಿ ಕನ್ನಡಕ ಏರಿಸಿ ನನ್ನ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ‘ದಟ್ ಮಾರ್ನಿಂಗ್ ಐ ಹಾರ್ಡ್ಲಿ ಚೆಕ್ಡ್ ದ ಮೀಟರ್’ ಅನ್ನುವ ಸಾಲಿಗೆ ಬಂದು ನಿಂತರು. ಮತ್ತೆ ಓದಿದರು.

“ಏನಪ್ಪಾ, ಇದು ನೀನೇ ಬರೆದದ್ದಾ?”

“ಹೌದು ಸಾರ್.”

“ಅಂದರೆ ಮೀಟರ್ ನೋಡಲೇ ಇಲ್ಲ ಅನ್ನು.”

“ಅಯ್ಯೋ ಇಲ್ಲ ಸಾರ್! ಹಾರ್ಡ್ಲಿ ಅಂತ ಬರೆದಿದೀನಲ್ಲ. ಗಟ್ಟಿಯಾಗಿ ನೋಡ್ದೆ, ಚೆನ್ನಾಗಿ ನೋಡ್ದೆ.”

ಪಕ್ಕದಲ್ಲಿದ್ದವರು ನಕ್ಕುಬಿಟ್ಟರು. ಅಧಿಕಾರಿ ನಗಲಿಲ್ಲ. ಗುಮಾಸ್ತನಿಗೆ ಹೇಳಿ ಡಿಕ್ಷನರಿ ತರಿಸಿದರು. ಬೆರಳಿಟ್ಟು ತೋರಿಸಿದರು. ಹಾರ್ಡ್ಲಿ ಅಂದರೆ ಅಷ್ಟಕ್ಕಷ್ಟೇ, ಇಲ್ಲವೆನ್ನುವಷ್ಟು ಕಡಿಮೆ. “ತಪ್ಪು ಒಪ್ಪಿಕೊಂಡು ಬರೆದುಕೊಟ್ಟಿದೀಯ. ಇನ್ನು ನಾವು ವಿಚಾರಿಸೋದು ಏನಿದೆ?” ಅಂದರು.

ಸ್ಲೋಗೆ ಬಾಲ ಸೇರಿಸಿದರೆ ಸ್ಲೋಲಿ, ಕ್ವಿಕ್‌ಗೆ ಬಾಲ ಸೇರಿಸಿದರೆ ಕ್ವಿಕ್ಲಿ ಅಂತ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದವಳು ನೀನು. ಹಾರ್ಡ್‌ಗೆ ಸೇರಿಸಿದರೆ ಹಾರ್ಡ್ಲಿ ಆಗಬೇಡವಾ? ಅದೂ ಹೋಗಲಿ. ನಾನು ಕಲಿಯದವನು. ನೀನು ನೋಡಿದೆಯಲ್ಲ, ಸರಿಯಾಗಿದೆ ಅಂತ ಬರೆದೆಯಲ್ಲ! ಬೇಕಂತಲೇ ಬಿಟ್ಟೆಯಾ ಅಂತ ಮನೆಯವಳು ಕೇಳುತ್ತಿದ್ದಾಳೆ. ನಾನು ಅವಳ ಬಾಯಿ ಮುಚ್ಚಿಸಿದೆ. ಆದರೂ ನೀನೇ ಒಂದು ಮಾತು ಹೇಳಿಬಿಡು.

ಮೇಲ್ಮನವಿಗೆ ಎರಡು ತಿಂಗಳು ಸಮಯ ಕೊಟ್ಟಿದ್ದಾರೆ.

ತಮ್ಮ


ಫೆಬ್ರವರಿ 27

ತಮ್ಮಾ,

ಬೇಕಂತ ಬಿಡಲಿಲ್ಲ. ಅವಸರದಲ್ಲಿ ಓದಿದೆ, ಆ ಸಾಲು ಕಣ್ಣು ತಪ್ಪಿತು. ಇದಕ್ಕಿಂತ ಹೆಚ್ಚಿಗೆ ಹೇಳಲು ನನಗೆ ಮುಖವಿಲ್ಲ.

ನಿನ್ನ ಕಾಗದ ಬಂದ ದಿನದಿಂದ ನಮ್ಮ ಕಚೇರಿಯಲ್ಲಿ ನಾನು ಬೇರೆ ಕೆಲಸ ಮುಟ್ಟಿಲ್ಲ. ಇಲ್ಲಿ ಒಂದೊಂದು ಪದಕ್ಕೂ ಒಂದೊಂದು ಕಟ್ಟು ಚೀಟಿಗಳಿವೆ, ಗೋಡೆಯುದ್ದಕ್ಕೂ ಮರದ ಖಾನೆಗಳು. ನಾವು ಎಚ್ ಅಕ್ಷರವನ್ನು ಮುಗಿಸಿ ನಾಲ್ಕು ವರ್ಷವಾಯಿತು. ಏಣಿ ಹತ್ತಿ ಧೂಳು ಕೊಡವಿ ಆ ಕಟ್ಟು ಇಳಿಸಿದೆ.

ಕೇಳು. ನೀನು ಬರೆದದ್ದು ಪೂರ್ತಿ ತಪ್ಪಲ್ಲ. ಬಹಳ ಹಿಂದೆ, ನೂರಾರು ವರ್ಷದ ಹಿಂದೆ, ಹಾರ್ಡ್ಲಿ ಅಂದರೆ ನೀನಂದುಕೊಂಡ ಅರ್ಥವೇ ಇತ್ತು. ಬಲವಾಗಿ, ಧೈರ್ಯವಾಗಿ, ನಿಷ್ಠುರವಾಗಿ. ಹಾರ್ಡ್ಲಿ ಹೊಡೆದ ಅಂದರೆ ಜೋರಾಗಿ ಹೊಡೆದ. ಆಮೇಲೆ ಅದು ‘ಕಷ್ಟಪಟ್ಟು’ ಅಂತ ಆಯಿತು. ಕಷ್ಟಪಟ್ಟು ಆಗುವ ಕೆಲಸ ಆದರೂ ಆಯಿತು, ಇಲ್ಲದಿದ್ದರೂ ಇಲ್ಲ ಅನ್ನುವ ಹಾಗಿರುತ್ತದಲ್ಲ, ಹಾಗೆ ಮೆಲ್ಲಗೆ ‘ಆಗಿಯೂ ಆಗದಂತೆ’ ಅನ್ನುವ ಕಡೆಗೆ ಜಾರಿತು. ಕೊನೆಗೆ ‘ಇಲ್ಲವೇ ಇಲ್ಲ ಅನ್ನುವಷ್ಟು’ ಅನ್ನುವಲ್ಲಿಗೆ ಬಂದು ನಿಂತಿತು. ಬಲಕ್ಕೆ ಹುಟ್ಟಿದ ಪದ ಬಲವಿಲ್ಲದ್ದನ್ನು ಹೇಳತೊಡಗಿತು. ನಗಬೇಡ, ನಮ್ಮಲ್ಲೂ ಇದೇ ಕಥೆ. ‘ಅವನು ಬರೋದು ಕಷ್ಟ’ ಅಂದರೆ ಕಷ್ಟಪಟ್ಟು ಬರುತ್ತಾನೆ ಅಂತ ಯಾರಾದರೂ ಕಾಯುತ್ತಾರಾ? ಬರುವುದಿಲ್ಲ ಅಂತ ಬಾಗಿಲು ಹಾಕಿಕೊಳ್ಳುತ್ತಾರೆ.

ಆ ಭಾಷೆಯಲ್ಲಿ ಗಟ್ಟಿಯಾಗಿ ಅನ್ನುವುದಕ್ಕೆ ಬಾಲವಿಲ್ಲದ ಹಾರ್ಡ್ ಸಾಕು. ಲೇಟ್‌ಗೂ ಅಷ್ಟೇ. ತಡವಾಗಿ ಬಂದ ಅನ್ನಲು ಲೇಟ್ಲಿ ಅಂದರೆ ಇತ್ತೀಚೆಗೆ ಬಂದ ಅಂತಾಗುತ್ತದೆ. ನಿಯಮ ಕಲಿಸಿದ ನಾನು ಅದರಿಂದ ತಪ್ಪಿಸಿಕೊಂಡ ಪದಗಳನ್ನು ಕಲಿಸಲಿಲ್ಲ. ನನಗಾಗ ಹದಿಮೂರು ವರ್ಷ, ನನಗೇ ಗೊತ್ತಿರಲಿಲ್ಲ.

ಇದನ್ನೆಲ್ಲ ಎರಡು ಪುಟದಲ್ಲಿ ಬರೆದು ನಮ್ಮ ಸಂಪಾದಕರ ಸಹಿ ಹಾಕಿಸಿ ಮೇಲ್ಮನವಿಗೆ ಕಳಿಸುತ್ತೇನೆ. ನಿಯಮ ನೋಡಿ ಭಾಷೆ ಕಲಿತವರು ಯಾರಾದರೂ ಹೀಗೇ ಬರೆಯುತ್ತಾರೆ, ಬರೆದವನ ಉದ್ದೇಶ ನೋಡಿ ಅರ್ಥ ಹೇಳಬೇಕು ಅಂತ. ಅದಕ್ಕೆ ಒಂದು ವಿವರ ಬೇಕು. ಆ ದಿನ ಬೆಳಿಗ್ಗೆ ನೀನು ಮೀಟರನ್ನು ಹೇಗೆ ಪರೀಕ್ಷಿಸಿದೆ? ಒಂದೊಂದೂ ಬಿಡದೆ ಬರೆ.

ಅಕ್ಕ


ಮಾರ್ಚ್ 8

ಅಕ್ಕ,

ನಿನ್ನ ಕಾಗದವನ್ನು ಮನೆಯವಳಿಗೂ ಓದಿ ಹೇಳಿದೆ. ಅವಳು ಕಣ್ಣೊರೆಸಿಕೊಂಡಳು. ನಿನ್ನನ್ನು ಏನೇನೋ ಅಂದಿದ್ದಕ್ಕೆ ಕ್ಷಮಿಸು ಅಂತ ಬರೆಯಲು ಹೇಳಿದಳು.

ಮೀಟರ್ ಪರೀಕ್ಷೆಯ ವಿಷಯ. ಮೊದಲು ಗಾಜಿನ ಮೇಲೆ ಬೆರಳಲ್ಲಿ ಎರಡು ಸಲ ತಟ್ಟಬೇಕು, ಮುಳ್ಳು ಒಂಚೂರು ನಡುಗಬೇಕು. ನಡುಗದಿದ್ದರೆ ಸಿಕ್ಕಿಕೊಂಡಿದೆ ಅಂತ ಲೆಕ್ಕ. ಆಮೇಲೆ ಸ್ವಲ್ಪ ಹಬೆ ಬಿಟ್ಟು ಮುಳ್ಳು ಏರುತ್ತದಾ ನೋಡಬೇಕು, ಪಕ್ಕದ ಕೊಳವೆಯ ಮೀಟರಿನ ಜೊತೆ ಹೋಲಿಸಬೇಕು. ಹಬೆ ತೆಗೆದಾಗ ಸೊನ್ನೆಗೆ ಇಳಿಯಬೇಕು. ಎಲ್ಲ ಸರಿಯಿದ್ದರೆ ಪುಸ್ತಕದಲ್ಲಿ ಸಹಿ. ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ಆರು ವರ್ಷದಿಂದ ನನ್ನ ಸಹಿ ಒಂದು ದಿನವೂ ತಪ್ಪಿಲ್ಲ, ಬೇಕಾದರೆ ಪುಸ್ತಕ ತೆಗೆದು ನೋಡಲಿ.

ನೀನಿರುವಾಗ ನನಗೇನು ಭಯ.

ತಮ್ಮ


ಏಪ್ರಿಲ್ 15

ಪ್ರೀತಿಯ ತಮ್ಮನಿಗೆ,

ಟಿಪ್ಪಣಿ ಕಳಿಸಿಯಾಯಿತು. ಎರಡು ಪುಟ ಅಂದುಕೊಂಡದ್ದು ಏಳಾಯಿತು. ಸಂಪಾದಕರು ಓದಿ, “ಇಷ್ಟು ಚೆನ್ನಾಗಿ ನೀವು ನಮ್ಮ ಡಿಕ್ಷನರಿಗೇ ಬರೆದಿಲ್ಲವಲ್ಲಮ್ಮ” ಅಂದರು. ನೀನು ಗಾಜು ತಟ್ಟಿದ್ದು, ಮುಳ್ಳು ನಡುಗಿದ್ದು, ಪಕ್ಕದ ಮೀಟರಿನ ಜೊತೆ ಹೋಲಿಸಿದ್ದು, ಎಲ್ಲವನ್ನೂ ಸಾಲಾಗಿ ಬರೆದಿದ್ದೇನೆ. ಇಷ್ಟೆಲ್ಲ ಮಾಡಿದವನು ‘ನೋಡಿಯೂ ನೋಡದಂತೆ’ ಅಂತ ಯಾಕೆ ಬರೆದಾನು, ಅಂತ ಮುಗಿಸಿದ್ದೇನೆ.

ಇಪ್ಪತ್ತೆರಡು ವರ್ಷದಿಂದ ಪದಗಳನ್ನು ಜೋಡಿಸುತ್ತಿದ್ದೇನೆ, ಒಬ್ಬ ಮನುಷ್ಯನಿಗೆ ಉಪಯೋಗವಾದದ್ದು ಇದೇ ಮೊದಲು. ಊಟ ರುಚಿಸುತ್ತಿದೆ. ನಿನ್ನ ಮಗಳಿಗೆ ಅತ್ತೆ ಕೇಳಿದಳು ಅಂತ ಹೇಳು. ಅವಳಿಗೆ ನನ್ನ ಗುರುತು ಹೇಗಿರುತ್ತದೆ, ಮೂರು ವರ್ಷದ ಕೂಸಾಗಿದ್ದಾಗ ನೋಡಿದ್ದು.

ಅಕ್ಕ


ಮೇ 3

ಅಕ್ಕ,

ಗೆದ್ದೆವು. ನಿನ್ನ ಟಿಪ್ಪಣಿಯನ್ನು ಹಾಗೇ ಎತ್ತಿ ತೀರ್ಪಿನಲ್ಲಿ ಸೇರಿಸಿದ್ದಾರೆ. ಮೀಟರನ್ನು ಆ ಬೆಳಿಗ್ಗೆ ಶಿಸ್ತಾಗಿ ಪರೀಕ್ಷಿಸಲಾಗಿತ್ತು, ಮೀಟರ್ ಸರಿಯಿತ್ತು ಅಂತ ಬರೆದಿದ್ದಾರೆ. ಸೋಮವಾರದಿಂದ ಕೆಲಸಕ್ಕೆ ಬಾ ಅಂದಿದ್ದಾರೆ.

ಮೀಟರ್ ಸರಿಯಿದ್ದ ಮೇಲೆ ಅದನ್ನು ನೋಡದೆ ಬಾಗಿಲು ತೆಗೆದದ್ದು ಆ ಹೆಂಗಸಿನದೇ ಅಜಾಗರೂಕತೆ ಅಂತಾಯಿತು. ಅವಳನ್ನು ಕೆಲಸದಿಂದ ತೆಗೆದಿದ್ದಾರೆ. ಮೂರನೇ ಮಹಡಿಯಿಂದಲೂ ಕಳಿಸಿದರಂತೆ.

ಇಲ್ಲಿ ಸೆಕೆ ಜೋರು.

ತಮ್ಮ


ಮೇ 10

ತಮ್ಮಾ,

ನಿನ್ನ ಕಾಗದ ನೋಡಿ ಕಚೇರಿಯಲ್ಲೇ ಅತ್ತುಬಿಟ್ಟೆ. ಟೈಪ್ ಮಾಡುವ ಹುಡುಗಿ ಓಡಿಬಂದು, “ಮೇಡಂ, ಯಾರಿಗೇನಾಯ್ತು?” ಅಂದಳು. ಯಾರಿಗೂ ಏನೂ ಆಗಲಿಲ್ಲ ಕಣೇ ಅಂದೆ.

ಈಗ ಒಂದು ಮಾತು ಹೇಳಿಬಿಡುತ್ತೇನೆ, ಎದೆಯಲ್ಲಿಟ್ಟುಕೊಂಡು ಸಾಕಾಯಿತು. ಜನವರಿಯಲ್ಲಿ ನೀನು ಕಳಿಸಿದ ಆ ಒಳಗಿನ ಕವರನ್ನು ನಾನು ಒಡೆದೇ ಇರಲಿಲ್ಲ. ಅಮ್ಮನಿಗೆ ಬರದವನು ತನ್ನ ಕೆಲಸಕ್ಕೆ ಬಂದ ಅಂತ ಸಿಟ್ಟು. ಓದದೆಯೇ ಸರಿಯಾಗಿದೆ ಅಂತ ಬರೆದೆ. ನಿನ್ನನ್ನು ಮನೆಗೆ ಕಳಿಸಿದ್ದಾರೆ ಅಂತ ತಿಳಿದ ದಿನ ಮೇಜಿನ ಖಾನೆಯಿಂದ ಅದನ್ನು ತೆಗೆದು ಒಡೆದೆ. ಮೂರನೇ ಸಾಲಿನಲ್ಲೇ ಇತ್ತು. ಒಂದು ನಿಮಿಷ ಓದಿದ್ದರೆ ಸಾಕಿತ್ತು. ನಾನು ಬರೆದ ಏಳು ಪುಟ ಪ್ರೀತಿಗೆ ಬರೆದದ್ದೋ ತಪ್ಪು ಮುಚ್ಚಿಕೊಳ್ಳಲು ಬರೆದದ್ದೋ ನನಗೇ ಗೊತ್ತಿಲ್ಲ. ಹೇಗೋ, ಒಳ್ಳೆಯದಾಯಿತು. ಕ್ಷಮಿಸು.

ಆ ಹೆಂಗಸಿನ ವಿಷಯ ನೀನು ನನಗೆ ಸರಿಯಾಗಿ ಹೇಳಲೇ ಇಲ್ಲವಲ್ಲ. ಯಾರವಳು? ಮೀಟರ್ ಸರಿಯಿದ್ದರೆ, ದಿನಾ ಆ ಕೆಲಸ ಮಾಡುವವಳು ಮುಳ್ಳು ನೋಡದೆ ಬಾಗಿಲಿಗೆ ಯಾಕೆ ಕೈ ಹಾಕಿದಳು?

ಅಕ್ಕ


ಜುಲೈ 2

ಅಕ್ಕ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತು ಎಷ್ಟು ಹಾಳೆ ಹರಿದೆನೋ.

ಅವಳನ್ನು ನಾವು ದೊಡ್ಡಮ್ಮ ಅನ್ನುತ್ತಿದ್ದೆವು. ಐವತ್ತು ದಾಟಿದೆ. ಒಬ್ಬಳೇ ಇದ್ದಾಳೆ. ಹಾಸುಬಟ್ಟೆಯ ನಾಲ್ಕು ಮೂಲೆ ಹಿಡಿದು ಒಂದೇ ಏಟಿಗೆ ಮಡಿಸುತ್ತಿದ್ದಳು, ಇಬ್ಬರು ಮಾಡುವ ಕೆಲಸ ಅದು. ನನ್ನ ಬಟನ್ ಕಿತ್ತುಹೋದರೆ ನಿಂತಲ್ಲೇ ಹೊಲಿದುಕೊಡುತ್ತಿದ್ದಳು.

ಹೋದ ಭಾನುವಾರ ಅವಳಿರುವ ವಠಾರಕ್ಕೆ ಹೋದೆ. ಯಾಕೆ ಹೋದೆ ಅಂತ ಕೇಳಬೇಡ. ಹಣ್ಣು ತೆಗೆದುಕೊಂಡು ಹೋಗಿದ್ದೆ. ಅವಳಿಗೆ ಸಿಪ್ಪೆ ಸುಲಿಯಲೂ ಬೆರಳು ಮಡಚುವುದಿಲ್ಲ. ನಾನೇ ಸುಲಿದು ಕೊಟ್ಟೆ.

“ಬಂದ್ಯಲ್ಲಪ್ಪಾ,” ಅಂದಳು. “ನಿಂಗೆ ಕೆಲಸ ವಾಪಸ್ ಸಿಕ್ತಂತೆ. ಒಳ್ಳೇದಾಯ್ತು.”

ನಾನು ಇನ್ನೊಂದು ಹಣ್ಣಿನ ಸಿಪ್ಪೆ ಸುಲಿಯತೊಡಗಿದೆ.

“ಒಂದು ಮಾತು ಕೇಳ್ತೀನಿ, ಬೇಜಾರಾಗ್ಬೇಡ. ಎಲ್ರೂ ನಾನು ಮುಳ್ಳು ನೋಡ್ಲಿಲ್ಲ ಅಂತಾರೆ. ಅಷ್ಟು ಸಲ ಹೇಳಿ ಹೇಳಿ ನಂಗೇ ಅನುಮಾನ ಬಂದುಬಿಟ್ಟಿದೆ. ನಾನು ನೋಡ್ದೆ ಕಣಪ್ಪ. ಸೊನ್ನೆಲಿತ್ತು. ಸೊನ್ನೆಲಿದ್ದಿದ್ದಕ್ಕೇ ತೆಗೆದೆ. ನೀನು ಬೆಳಿಗ್ಗೆ ನೋಡಿದ್ಯಲ್ಲ, ಮುಳ್ಳು ಸರಿಯಾಗಿ ಓಡಾಡ್ತಿತ್ತಾ? ನೀನು ಹೇಳಿದ್ರೆ ನಂಬ್ತೀನಿ. ನನ್ನ ಕಣ್ಣೇ ಸರಿಯಿಲ್ಲ ಅಂದ್ಕೋತೀನಿ.”

ನಾನು ಹೇಳಿದೆ, “ಓಡಾಡ್ತಿತ್ತು ದೊಡ್ಡಮ್ಮ.”

ಅವಳು ತಲೆಯಾಡಿಸಿದಳು. “ಹಾಗಾದ್ರೆ ನನ್ನದೇ ತಪ್ಪು,” ಅಂದಳು. ಬಿಡಿಸಿಟ್ಟ ಹಣ್ಣು ನನಗೇ ಕೊಟ್ಟಳು, ತಿನ್ನು ಅಂತ. ತಿಂದೆ.

ಅಕ್ಕ, ನಾನು ನೋಡಿರಲಿಲ್ಲ. ಆ ದಿನ ಮಾತ್ರವಲ್ಲ, ಎಷ್ಟೋ ದಿನಗಳಿಂದ ನೋಡುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಚಹಾ ಕುಡಿಯುತ್ತ ಇಡೀ ವಾರದ ಸಹಿ ಒಟ್ಟಿಗೆ ಹಾಕಿಬಿಡುತ್ತಿದ್ದೆ. ಆರು ವರ್ಷದಲ್ಲಿ ಆ ಮುಳ್ಳು ಒಂದು ಸಲವೂ ಕೆಟ್ಟಿರಲಿಲ್ಲ, ಇನ್ನೇನು ಕೆಡುತ್ತದೆ ಅಂತ. ಅನಾಹುತ ಆದ ಮೇಲೆ ಓಡಿಹೋಗಿ ಗಾಜು ತಟ್ಟಿದೆ. ಮುಳ್ಳು ಅಲುಗಲಿಲ್ಲ. ಇನ್ನೂ ಜೋರಾಗಿ ತಟ್ಟಿದಾಗ ಬಿಟ್ಟುಕೊಂಡಿತು. ಯಾರೂ ನೋಡಲಿಲ್ಲ. ಅವಳನ್ನು ಎತ್ತಿಕೊಂಡು ಹೋಗುವ ಗಲಾಟೆಯಲ್ಲಿದ್ದರು.

ಚೆನ್ನಾಗಿ ನೋಡಿದೆ ಅಂತ ಸುಳ್ಳು ಬರೆಯಲು ಹೋದೆ. ಇಂಗ್ಲಿಷ್ ಬಾರದೆ ನಿಜ ಬರೆದುಬಿಟ್ಟಿದ್ದೆ. ನೀನು ಏಳು ಪುಟ ಬರೆದು ಅದನ್ನು ಮತ್ತೆ ಸುಳ್ಳು ಮಾಡಿಕೊಟ್ಟೆ.

ನಿನಗೆ ಹೇಳದೆ ಇರಲಾಗಲಿಲ್ಲ.

ತಮ್ಮ


ಜುಲೈ 9

ತಮ್ಮನಿಗೆ,

ಮಾರ್ಚ್ ತಿಂಗಳ ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದೆ. ‘ತಟ್ಟಬೇಕು’, ‘ನೋಡಬೇಕು’, ‘ಹೋಲಿಸಬೇಕು’ ಅಂತ ಬರೆದಿದ್ದೀ. ‘ತಟ್ಟಿದೆ’, ‘ನೋಡಿದೆ’ ಅಂತ ಒಂದು ಕಡೆಯೂ ಇಲ್ಲ. ಕ್ರಿಯಾಪದ ನೋಡಿಯೇ ಅನ್ನ ತಿನ್ನುವವಳು ನಾನು. ಅದು ನನ್ನ ಕಣ್ಣಿಗೆ ಆಗಲೇ ಬಿದ್ದಿತ್ತು. ಬಿದ್ದರೂ ಬೀಳದ ಹಾಗೆ ‘ಬೇಕು’ಗಳನ್ನೆಲ್ಲ ನಾನೇ ‘ಮಾಡಿದ’ ಅಂತ ತಿದ್ದಿ ಬರೆದೆ. ಹಾಗಾಗಿ ನಿನಗೆ ಬೈಯುವ ಹಕ್ಕು ನನಗೆ ಅರ್ಧವೇ ಇದೆ.

ಆದರೆ ಭಾನುವಾರ ನೀನು ಅವಳ ಎದುರು ಕೂತು ಆಡಿದ ಮಾತಿಗೆ ನಾನು ಪಾಲುದಾರಳಲ್ಲ. ತನ್ನ ಕಣ್ಣಿನ ಮೇಲೆ ಅವಳಿಗಿದ್ದ ನಂಬಿಕೆಯನ್ನೂ ಕಿತ್ತುಕೊಂಡು ಬಂದೆಯಲ್ಲೋ! ಅವಳು ಕೊಟ್ಟ ಹಣ್ಣು ಹೇಗೆ ಒಳಗಿಳಿಯಿತು?

ನಿನಗೆ ಈ ತಿಂಗಳ ಕೊನೆಯವರೆಗೆ ಸಮಯ. ನೀನೇ ಹೋಗಿ ವಿಚಾರಣಾಧಿಕಾರಿಗೆ ನಿಜ ಬರೆದುಕೊಡು. ನೀನಾಗಿ ಹೇಳಿದರೆ ನಾಲ್ಕು ಜನ ಮನುಷ್ಯ ಅಂದಾರು. ಇಲ್ಲದಿದ್ದರೆ ನಾನು ನನ್ನ ಟಿಪ್ಪಣಿ ವಾಪಸು ತೆಗೆದುಕೊಳ್ಳುತ್ತೇನೆ. ಯಾಕೆ ಅಂತ ಅವರು ಕೇಳುತ್ತಾರೆ. ನಾನು ಹೇಳಬೇಕಾಗುತ್ತದೆ.

ಅಕ್ಕ


ಜುಲೈ 24

ನೀನು ಅಕ್ಕ ಅಂತ ನಿನಗೆ ಹೇಳಿದೆ, ಅಧಿಕಾರಿ ಅಂತ ಅಲ್ಲ. ಆ ಕಾಗದ ಸುಟ್ಟುಹಾಕು.

ನಾನು ಬರೆದುಕೊಟ್ಟರೆ ಅವಳ ಕೈ ಮೊದಲಿನ ಹಾಗಾಗುತ್ತದಾ? ನನ್ನ ಕೆಲಸ ಹೋಗುತ್ತದೆ, ಕೇಸಾಗುತ್ತದೆ, ಮಗಳ ಶಾಲೆಯಲ್ಲಿ ಎಲ್ಲರೂ ಬೆರಳು ತೋರಿಸುತ್ತಾರೆ. ನಿನಗೇನು, ಒಂಟಿ ಜೀವ, ಚೀಟಿಗಳ ಜೊತೆ ಸಂಸಾರ. ನ್ಯಾಯ ಮಾತಾಡುವುದು ನಿನಗೆ ಸಲೀಸು.

ಇದು ಆ ಹೆಂಗಸಿನ ಮೇಲಿನ ಕರುಣೆ ಅಲ್ಲ, ನನಗೆ ಗೊತ್ತು. ಅಮ್ಮನ ಲೆಕ್ಕ ತೀರಿಸಿಕೊಳ್ಳುತ್ತಿದ್ದೀಯ. ಹಾಗಾದರೆ ಇದನ್ನೂ ಕೇಳಿಬಿಡು. ಆಗ ರಜೆ ಸಿಗಲಿಲ್ಲ ಅಂದೆನಲ್ಲ, ರಜೆ ನಾನು ಕೇಳಿಯೇ ಇರಲಿಲ್ಲ. ಅಮ್ಮನನ್ನು ಆ ಸ್ಥಿತಿಯಲ್ಲಿ ನೋಡಲು ನನಗೆ ಧೈರ್ಯ ಇರಲಿಲ್ಲ. ಈಗ ಸಮಾಧಾನವಾಯಿತಾ? ಇನ್ನು ಬರೆಯಬೇಡ.


ಆಗಸ್ಟ್ 18

ತಮ್ಮನಿಗೆ,

ಬರೆಯಬೇಡ ಅಂದೆ. ಇದೊಂದು ಬರೆದು ನಿಲ್ಲಿಸುತ್ತೇನೆ. ಬೇರೆಯವರ ಬಾಯಲ್ಲಿ ನಿನಗೆ ತಿಳಿಯುವುದು ಬೇಡ.

ಕಳೆದ ಬುಧವಾರ ನಿಮ್ಮೂರಿಗೆ ಬಂದಿದ್ದೆ. ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಅದೇ ಉದ್ದ ಮೇಜಿನ ಈ ಕಡೆ ನನ್ನನ್ನು ಕೂರಿಸಿದರು. ಟಿಪ್ಪಣಿ ವಾಪಸು ತೆಗೆದುಕೊಳ್ಳುತ್ತೇನೆ ಅಂದೆ. ವಿಚಾರಣಾಧಿಕಾರಿ ನಂಬಲಿಲ್ಲ. “ಏನಮ್ಮ, ಪದದ ಅರ್ಥ ಮತ್ತೆ ಬದಲಾಯಿತಾ?” ಅಂದರು. ನಿನ್ನ ಜುಲೈ ಎರಡರ ಕಾಗದ ಅವರ ಮುಂದಿಟ್ಟೆ. ಓದಿ ಮುಗಿಸಿ ಕನ್ನಡಕ ತೆಗೆದಿಟ್ಟರು. “ಇದು ನಿಮ್ಮ ತಮ್ಮನ ಕೈಬರಹವೇನಾ?” ಅಂತ ಮೂರು ಸಲ ಕೇಳಿದರು. ಮೂರು ಸಲವೂ ಹೌದು ಅಂದೆ. ಪ್ರಕರಣ ಮತ್ತೆ ತೆಗೆಯುತ್ತಾರೆ. ಈ ವಾರ ನಿನ್ನನ್ನು ಕರೆಯುತ್ತಾರೆ. ಅವಳ ಮೇಲಿನ ಆರೋಪ ಬಿಡುತ್ತಾರೆ, ಮತ್ತೆ ಮೂರನೇ ಮಹಡಿಯಲ್ಲಿ ಔಷಧಿ ಕೊಡುತ್ತಾರೆ. ಅಷ್ಟನ್ನು ಬರವಣಿಗೆಯಲ್ಲಿ ತೆಗೆದುಕೊಂಡೇ ಎದ್ದೆ.

ನಾನೂ ಏನೂ ಉಳಿಸಿಕೊಂಡಿಲ್ಲ. ನಿನ್ನ ‘ಬೇಕು’ಗಳನ್ನು ತಿದ್ದಿ ಬರೆದದ್ದನ್ನು ನಮ್ಮ ಸಂಪಾದಕರಿಗೆ ಹೇಳಿದೆ. ಸಹಿ ಹಾಕಿದವರು ಅವರು. ಒಂದು ತಿಂಗಳು ವಿಶ್ರಾಂತಿ ತೆಗೆದುಕೊಳ್ಳಿ ಅಂದರು. ಅದರ ಅರ್ಥವೇನು ಅಂತ ತಿಳಿಯಲು ನಾನು ಖಾನೆ ಹುಡುಕಬೇಕಾಗಿಲ್ಲ. ಮರುದಿನ ನನ್ನ ಸಾಮಾನು ತರಲು ಹೋದಾಗ ನನ್ನ ಮೇಜಿನ ಮೇಲೆ ಬೇರೆಯವರ ಚೀಲವಿತ್ತು.

ದೊಡ್ಡಮ್ಮನ ಮನೆಗೂ ಹೋಗಿದ್ದೆ. ಬಾಗಿಲಲ್ಲಿ ನಿಂತೇ ಹೇಳಿದೆ, ನಿಮ್ಮ ಕಣ್ಣು ಸರಿಯಾಗಿಯೇ ಇತ್ತು, ಮುಳ್ಳು ಸೊನ್ನೆಯಲ್ಲೇ ಸಿಕ್ಕಿಕೊಂಡಿತ್ತು ಅಂತ. ಅವಳು ಮೊಣಕೈಯಿಂದ ಕುರ್ಚಿ ಸರಿಸಿ ಕೂತಳು.

“ನೀವ್ಯಾರು?” ಅಂದಳು.

“ಅವನ ಅಕ್ಕ.”

“ಅವನು ಬರ್ಲಿಲ್ವಾ?”

“ಇಲ್ಲ.”

“ಅವತ್ತು ಇಲ್ಲೇ ಕೂತಿದ್ದ. ಒಂದು ಮಾತು ಹೇಳಿದ್ರೆ ಸಾಕಿತ್ತು. ನಾನು ಯಾರಿಗೂ ಹೇಳ್ತಿರ್ಲಿಲ್ಲ,” ಅಂದಳು. ಆಮೇಲೆ, “ನೀವಿನ್ನು ಹೊರಡಿ,” ಅಂದಳು. ನಿನಗೆ ಶಾಪ ಹಾಕಲಿಲ್ಲ, ನನಗೆ ಕೃತಜ್ಞತೆ ಹೇಳಲಿಲ್ಲ.

ಅಮ್ಮನ ಲೆಕ್ಕ ತೀರಿಸಿಕೊಂಡೆನಾ ಅಂತ ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ. ಇಲ್ಲ ಅಂತ ಎದೆ ತಟ್ಟಿ ಹೇಳುವ ಹಾಗಿಲ್ಲ. ನಿನಗೆ ಮುಖ ತೋರಿಸಿ ಹೇಳಿಯೇ ಹೋಗೋಣ ಅಂತ ನಿಮ್ಮ ಬೀದಿಯವರೆಗೂ ಬಂದೆ. ಸಂಜೆ ಐದಿರಬೇಕು. ಗೇಟಿನ ಮುಂದೆ ನಿನ್ನ ಮಗಳು ಹಗ್ಗದಾಟ ಆಡುತ್ತಿದ್ದಳು, ಒಂದು ಚಪ್ಪಲಿ ಕಳಚಿ ಬಿದ್ದಿತ್ತು. ನಗು ಥೇಟ್ ಅಮ್ಮನದೇ. ನನ್ನನ್ನು ನೋಡಿ ಹಗ್ಗ ನಿಲ್ಲಿಸಿ, “ಯಾರು ಬೇಕಿತ್ತು? ಅಪ್ಪ ಒಳಗಿದಾರೆ, ಕರೀಲಾ?” ಅಂದಳು.

ಬೇಡ ಮಗೂ, ಮನೆ ತಪ್ಪಾಯಿತು ಅಂದೆ.

ಅವಳು ಪಾಪ, ಬೀದಿಯ ಕೊನೆಯವರೆಗೂ ನನ್ನ ಜೊತೆ ನಡೆದುಬಂದು ಬಸ್ಸು ನಿಲ್ಲುವ ಜಾಗ ತೋರಿಸಿದಳು.

ಅಕ್ಕ